ಮತ್ತೆ ಮುಟ್ಟಬೇಕಿಲ್ಲದ ಗೋಡೆ

ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ಭಾನುವಾರ, ಕೆನಡಾದ ಒಟ್ಟಾವಾ ನಗರದಲ್ಲಿ ನೆಲೆಸಿರುವ ನಮ್ಮ ಚಿಕ್ಕಪ್ಪನ ಮಗ ದೂರವಾಣಿಯಲ್ಲಿ ಮಾತನಾಡುತ್ತ, ‘ಮನೆಯ ಸೈಡಿಂಗ್ ಬದಲಾಯಿಸಬೇಕಾಗಿದೆ ಅಣ್ಣಾ’ ಎಂದ. ಎರಡು ದಶಕಗಳಿಂದ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳಿದ ನಮಗೆ ಸೈಡಿಂಗ್ ಎಂದರೆ ಗೂಡ್ಸ್ ಗಾಡಿ ನಿಲ್ಲುವ ಪಕ್ಕದ ಹಳಿ. ಮನೆಗೂ ಹಳಿಗೂ ಏನು ಸಂಬಂಧವೆಂದು ಕೇಳಿದೆವು. ಅವನು ನಕ್ಕು, ಅದು ಮನೆಯ ಹೊರಗೋಡೆಗೆ ಉದ್ದುದ್ದ ಪಟ್ಟಿಗಳಾಗಿ ಹೊದಿಸುವ ಹೊದಿಕೆ ಎಂದು ವಿವರಿಸಿದ. ಅವನು ಕೊಂಡಿರುವುದು ಎರಡನೆಯ ಮಹಾಯುದ್ಧಕ್ಕೂ ಹಿಂದೆ ಕಟ್ಟಿದ ಮರದ ಮನೆ. ಹೊರಗೆ ಕಾಣುವುದು ಬೂದುಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಪಟ್ಟಿಗಳು. ಅವು ಅಲ್ಲಲ್ಲಿ ಸೀಳಿವೆ. ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಪಟ್ಟಿ ಉಬ್ಬಿಕೊಂಡಿದೆ.

ಇಬ್ಬರು ಗುತ್ತಿಗೆದಾರರು ಬಂದು ನೋಡಿ ದರಪಟ್ಟಿ ಕೊಟ್ಟಿದ್ದರು. ಮೊದಲನೆಯವನು ಹಳೆಯದರ ಮೇಲೆಯೇ ಹೊಸದನ್ನು ಹೊದಿಸುತ್ತೇನೆ, ವಾರದೊಳಗೆ ಮುಗಿಯುತ್ತದೆ, ಇನ್ನು ಐವತ್ತು ವರ್ಷ ನೀವು ಆ ಗೋಡೆಯನ್ನು ಮುಟ್ಟಬೇಕಾಗಿಲ್ಲ ಎಂದಿದ್ದ. ಎರಡನೆಯವನು ಎಲ್ಲವನ್ನೂ ಕಿತ್ತು ಮೂಲದ ಹಲಗೆಯವರೆಗೆ ಹೋಗಿ ನೋಡದೆ ಏನನ್ನೂ ಹೇಳಲಾರೆ ಎಂದಿದ್ದ. ಅವನು ಕೇಳಿದ ಮೊತ್ತವೋ ಹೆಚ್ಚುಕಡಿಮೆ ಇಮ್ಮಡಿ. ‘ನೀನು ವರ್ಷಾನುಗಟ್ಟಲೆ ಟೆಂಡರು ನೋಡಿದವನು. ಯಾರಿಗೆ ಕೊಡಲಿ ಹೇಳು’ ಎಂಬುದು ತಮ್ಮನ ಪ್ರಶ್ನೆ. ನಮ್ಮ ಕಚೇರಿಯ ಅಭ್ಯಾಸದಲ್ಲಿ ಉತ್ತರ ಸುಲಭ: ಕನಿಷ್ಠ ದರ ಯಾರದೋ ಅವರಿಗೆ. ಆದರೆ ಕನಿಷ್ಠ ದರದ ಕಾಮಗಾರಿಗಳ ಮುಂದಿನ ಕಥೆಯನ್ನೂ ಕಡತದಲ್ಲಿ ಓದಿದವರಾದ್ದರಿಂದ ನಾವು ಎರಡು ವಾರಗಳ ಕಾಲಾವಕಾಶ ಕೇಳಿದೆವು. ಆ ಎರಡು ವಾರಗಳ ಓದು ನಮ್ಮನ್ನು ಸುಮಾರು ನಾಲ್ಕುನೂರು ವರ್ಷಗಳಷ್ಟು ಹಿಂದಕ್ಕೆ ಕೊಂಡೊಯ್ದಿತು. ಅದರ ಸಾರವನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಆ ಗೋಡೆಯ ರಚನೆಯನ್ನು ತಿಳಿಯಬೇಕು. ಕಲ್ಲು, ಇಟ್ಟಿಗೆಗಳ ಗೋಡೆ ಕಂಡು ಬೆಳೆದ ನಮಗೆ ಗೋಡೆಯೆಂದರೆ ಒಂದೇ ಗಟ್ಟಿ ವಸ್ತು. ಉತ್ತರ ಅಮೆರಿಕದ ಸಾಮಾನ್ಯ ಮನೆಯ ಗೋಡೆ ಹಾಗಲ್ಲ. ಅದು ಪದರಗಳ ಜೋಡಣೆ. ಸುಮಾರು ಎರಡಿಂಚು ದಪ್ಪ, ನಾಲ್ಕಿಂಚು ಅಗಲದ ಮರದ ಕಂಬಗಳನ್ನು 16 ಇಂಚಿಗೊಂದರಂತೆ ನಿಲ್ಲಿಸಿ ಚೌಕಟ್ಟು ಮಾಡುತ್ತಾರೆ. ಒಳಮುಖಕ್ಕೆ ನುಣುಪಾದ ಗಿಲಾವು ಅಥವಾ ಜಿಪ್ಸಂ ಹಾಳೆ, ಕಂಬಗಳ ನಡುವಿನ ಟೊಳ್ಳಿನಲ್ಲಿ ಚಳಿ ತಡೆಯುವ ತುಂಬು, ಹೊರಮುಖಕ್ಕೆ ಹಲಗೆ, ಅದರ ಮೇಲೆ ಕಾಗದ, ಎಲ್ಲಕ್ಕಿಂತ ಹೊರಗೆ ಸೈಡಿಂಗ್. ಈ ಕೊನೆಯ ಪದರ ಮನೆಯ ಭಾರವನ್ನು ಹೊರುವುದಿಲ್ಲ. ಮಳೆ, ಹಿಮ, ಬಿಸಿಲುಗಳನ್ನು ತಾನು ಮೈಮೇಲೆ ತೆಗೆದುಕೊಂಡು ಒಳಗಿನ ಮರವನ್ನು ಕಾಯುತ್ತದೆ. ಸವೆಯುವುದು ಅದರ ಕೆಲಸ. ಸವೆದಾಗ ಬದಲಾಯಿಸುವುದು ಮನೆಯವರ ಕೆಲಸ.

ಎಂ.ಎ. ತರಗತಿಯಲ್ಲಿ ನೆಥಾನಿಯಲ್ ಹಾಥಾರ್ನನ 1851ರ ಕಾದಂಬರಿ ‘ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ ಓದುವಾಗ ಕತೆಯ ಶಾಪ, ಪಾಪ, ವಂಶಾವಳಿಗಳ ಬಗೆಗೆ ಪುಟಗಟ್ಟಲೆ ಟಿಪ್ಪಣಿ ಬರೆದುಕೊಂಡಿದ್ದೆವು. ಆ ಮನೆಯ ಗೋಡೆ ಮರದ್ದೇಕೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಕಾದಂಬರಿಗೆ ಪ್ರೇರಣೆಯಾದ ಮನೆ ಮೆಸಾಚುಸೆಟ್ಸಿನ ಸೇಲಂ ಪಟ್ಟಣದಲ್ಲಿ ಇಂದಿಗೂ ಇದೆ. 1668ರಲ್ಲಿ ಕಟ್ಟಿದ ಅದರ ಹೊರಮೈಗೆ ಒಂದರ ಮೇಲೊಂದು ಅಂಚು ಚಾಚಿದ ತೆಳುವಾದ ಹಲಗೆಗಳ ಹೊದಿಕೆ. ಆ ಹಲಗೆಗೆ ಕ್ಲ್ಯಾಪ್‌ಬೋರ್ಡ್ ಎಂದು ಹೆಸರು. ಮೂಲತಃ ಪೀಪಾಯಿ ಕಟ್ಟಲು ಸೀಳಿದ ಮರದ ತುಂಡಿಗೆ ಇದ್ದ ಹೆಸರು ಅದು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಲ್ಲಿಗೆ ಹೋದ ವಲಸಿಗರು ತಮ್ಮ ಊರಿನ ಮನೆಯನ್ನು ನೆನಪಿನಲ್ಲಿ ಹೊತ್ತೊಯ್ದಿದ್ದರು. ದಪ್ಪ ಓಕ್ ಮರದ ಚೌಕಟ್ಟು, ಅದರ ನಡುವೆ ಕಡ್ಡಿಯ ಹೆಣಿಗೆಗೆ ಮೆತ್ತಿದ ಮಣ್ಣು. ಇಂಗ್ಲೆಂಡಿನ ಹವೆಗೆ ಅಷ್ಟು ಸಾಕಾಗಿತ್ತು. ಮೆಸಾಚುಸೆಟ್ಸಿನ ಚಳಿಗೆ ಸಾಲಲಿಲ್ಲ. ನೆಂದ ಮಣ್ಣು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಬಿರಿಯುತ್ತದೆ. ಆದ್ದರಿಂದ ಇಂಗ್ಲೆಂಡಿನ ಕೆಲವು ಸೀಮೆಗಳಲ್ಲಿ ಮಾತ್ರ ಇದ್ದ ಹಲಗೆ ಹೊದಿಸುವ ರೂಢಿ ಇಲ್ಲಿ ಎಲ್ಲರ ರೂಢಿಯಾಯಿತು. ಡೆಡಂ ಪಟ್ಟಣದ ಫೇರ್‌ಬ್ಯಾಂಕ್ಸ್ ಮನೆ ಉತ್ತರ ಅಮೆರಿಕದಲ್ಲಿ ಉಳಿದಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಅತ್ಯಂತ ಹಳೆಯದು. ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಅದರ ಕಾಲವನ್ನು 1637ರಿಂದ 1641ರ ನಡುವೆ ಎಂದು ಗೊತ್ತುಮಾಡಿದ್ದಾರೆ. ಅದರ ಮೈಗೂ ಇದೇ ಹಲಗೆಯ ಹೊದಿಕೆ.

ಸುಮಾರು ನಾಲ್ಕು ಶತಮಾನ ಒಂದು ಮರದ ಚೌಕಟ್ಟು ಉಳಿದದ್ದು ಹೇಗೆ? ಮರ ಒಳ್ಳೆಯದಿತ್ತು ಎಂಬುದು ಅರ್ಧ ಉತ್ತರ. ಉಳಿದರ್ಧ ಆ ಗೋಡೆಯ ‘ಕೊರತೆ’ಯಲ್ಲಿದೆ. ಹಲಗೆಗಳ ಸಂದುಗಳಲ್ಲಿ ಗಾಳಿ ಆಡುತ್ತಿತ್ತು. ದೊಡ್ಡ ಒಲೆಯ ಶಾಖ ಗೋಡೆಯ ಮೂಲಕ ಸದಾ ಹೊರಗೆ ಸೋರುತ್ತಿತ್ತು. ಸೌದೆಯ ಮಟ್ಟಿಗೆ ಅದು ದುಂದು. ಮರದ ಮಟ್ಟಿಗೆ ಅದೇ ಆರೈಕೆ. ಹಲಗೆಯ ಹಿಂದೆ ನುಸುಳಿದ ನೀರು ಆ ಶಾಖಕ್ಕೆ, ಆ ಗಾಳಿಗೆ ಒಣಗಿಹೋಗುತ್ತಿತ್ತು. ಹಲಗೆಯೊಂದು ಕೊಳೆತರೆ ಕಣ್ಣಿಗೆ ಕಾಣುತ್ತಿತ್ತು. ಅದೊಂದನ್ನೇ ಕಿತ್ತು ಬದಲಾಯಿಸಬಹುದಿತ್ತು. ಮುಂದೆ ಬಣ್ಣ ಬಳಿಯುವ ವಾಡಿಕೆ ಹಬ್ಬಿದ ಮೇಲೆ ಕೆಲವು ವರ್ಷಗಳಿಗೊಮ್ಮೆ ಯಾರಾದರೊಬ್ಬರು ಏಣಿ ಹತ್ತಿ ಗೋಡೆಯ ಪ್ರತಿ ಗೇಣನ್ನೂ ಮುಟ್ಟಿ ನೋಡುವುದು ಅನಿವಾರ್ಯವಾಯಿತು.

ಈ ಸಮತೋಲ ಕದಡಿದ್ದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಅದೂ ಒಳ್ಳೆಯ ಉದ್ದೇಶದಿಂದ. ಗೋಡೆಯ ಟೊಳ್ಳಿನಲ್ಲಿ ಚಳಿ ತಡೆಯುವ ತುಂಬನ್ನು ತುಂಬಿದರೆ ಇಂಧನ ಉಳಿಯುತ್ತದೆಂಬ ಅರಿವು ಹರಡಿತು. ಮನೆಗಳು ಬೆಚ್ಚಗಾದವು. ಆದರೆ 1930ರ ದಶಕದಲ್ಲಿ ವಿಚಿತ್ರ ದೂರುಗಳು ಕೇಳಿಬರತೊಡಗಿದವು: ತುಂಬು ತುಂಬಿಸಿದ ಮನೆಗಳ ಹೊರಗೋಡೆಯ ಬಣ್ಣ ಗುಳ್ಳೆಯೆದ್ದು ಸುಲಿಯುತ್ತಿತ್ತು. ಮನೆಯವರು ಬಣ್ಣದವನನ್ನು ದೂರಿದರು. ಬಣ್ಣದವರು ತುಂಬನ್ನು ದೂರಿದರು. ತುಂಬು ತುಂಬಿದ ಮನೆಗೆ ಬಣ್ಣ ಬಳಿಯಲು ಒಪ್ಪದವರೂ ಇದ್ದರು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಫ್ರಾಂಕ್ ರೌಲಿ ಮತ್ತು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯದ ಟೀಸ್‌ಡೇಲ್ ಆ ದಶಕದ ಉತ್ತರಾರ್ಧದಲ್ಲಿ ಇದನ್ನು ಪರಿಶೀಲಿಸಿದರು. ಹೊರಗಿನ ಮಳೆಯ ಜೊತೆಗೆ ಒಳಗಿನ ಆವಿಯೂ ಗೋಡೆಗೆ ಶತ್ರುವಾಗಬಲ್ಲದೆಂಬುದು ಈ ಬಗೆಯ ಅಧ್ಯಯನಗಳಿಂದ ಸ್ಪಷ್ಟವಾಯಿತು.

ಇದರ ಲೆಕ್ಕ ಸರಳ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರನ್ನು ಆವಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಮೈನಸ್ 20 ಡಿಗ್ರಿಯ ಗಾಳಿ ಹಿಡಿಯಬಲ್ಲದ್ದು ಒಂದು ಗ್ರಾಮಿನ ಆಸುಪಾಸು ಮಾತ್ರ. ಒಟ್ಟಾವಾದ ಚಳಿಗಾಲದ ರಾತ್ರಿ ಹೊರಗೆ ಮೈನಸ್ 20, ಒಳಗೆ 20; ನಡುವೆ ಇರುವುದು ಒಂದು ಗೇಣಿನಷ್ಟು ದಪ್ಪದ ಗೋಡೆ. ಒಳಗಿನ ಗಾಳಿಯ ತೇವಾಂಶ ಶೇಕಡಾ 40 ಇದ್ದರೂ ಸಾಕು, 6 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮುಟ್ಟಿದರೂ ಅದು ಬೆವರಿ ನೀರಾಗುತ್ತದೆ. ಗೋಡೆಯೊಳಗಿನ ಹಲಗೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಹಿಂದೆ ಸೋರುವ ಶಾಖ ಆ ಹಲಗೆಯನ್ನು ಬೆಚ್ಚಗಿಡುತ್ತಿತ್ತು; ತುಂಬು ಬಂದ ಮೇಲೆ ಶಾಖ ಒಳಗುಳಿಯಿತು, ಹಲಗೆ ತಣ್ಣಗಾಯಿತು. ಅನ್ನ, ಸಾರು, ಹುಳಿ ದಿನವೂ ಕುದಿಯುವ, ಬಟ್ಟೆ ಒಳಗೇ ಒಣಗುವ ನಮ್ಮವರ ಮನೆಗಳಲ್ಲಿ ಈ ಆವಿ ಇನ್ನಷ್ಟು. ತಮ್ಮನ ಮನೆಯಲ್ಲಿ ಉಬ್ಬಿದ ಪಟ್ಟಿ ಅಡುಗೆಮನೆಯ ಹೊರಗೇ ಇತ್ತೆಂಬುದನ್ನು ಓದುವಾಗ ಗುರುತು ಹಾಕಿಕೊಂಡೆವು.

ಒಳಗೋಡೆಗೆ ಆವಿ ತಡೆಯುವ ಪದರವೊಂದನ್ನು ಕೊಡಬೇಕೆಂಬ ಪರಿಹಾರ ಆಗಲೇ ರೂಪುಗೊಂಡಿತು. ಆದರೆ ಆಗಲೇ ನಿಂತಿದ್ದ ಲಕ್ಷಾಂತರ ಮನೆಗಳ ಒಡೆಯರಿಗೆ ಕಾಣುತ್ತಿದ್ದುದು ಒಂದೇ: ಸುಲಿಯುವ ಬಣ್ಣ, ಮತ್ತೆ ಮತ್ತೆ ತೆರಬೇಕಾದ ಕೂಲಿ. ಅವರಿಗೆ ಬೇಕಾಗಿದ್ದುದು ಬಣ್ಣವೇ ಬೇಡದ ಗೋಡೆ. ಮಾರುಕಟ್ಟೆ ಅದನ್ನು ಒದಗಿಸಿತು.

ಅಗ್ಗದ ಪರಿಹಾರವಾಗಿ ಬಂದದ್ದು ಡಾಂಬರು ಲೇಪಿಸಿ ಇಟ್ಟಿಗೆಯ ಗೆರೆ ಮೂಡಿಸಿದ ಹಾಳೆ. ಹಳೆಯ ಹಲಗೆಯ ಮೇಲೆ ಅದನ್ನು ಹೊಡೆದರೆ ಮರದ ಮನೆ ದೂರದಿಂದ ಇಟ್ಟಿಗೆಯ ಮನೆಯಂತೆ ತೋರುತ್ತಿತ್ತು. ಇನ್ನೊಂದು ಆಸ್ಬೆಸ್ಟಾಸ್ ಸಿಮೆಂಟಿನ ಬಿಲ್ಲೆ. ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ 1901ರಲ್ಲಿ ಹಕ್ಕುಪತ್ರ ಪಡೆದ ಈ ವಸ್ತುವಿಗೆ ಇಟ್ಟ ಹೆಸರು ಎಟರ್ನಿಟ್. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಅನಂತಕಾಲ ಎಂದರ್ಥ. ಬೆಂಕಿ ಹಿಡಿಯದು, ಕೊಳೆಯದು, ಗೆದ್ದಲು ಮುಟ್ಟದು. ಗೋಡೆಯ ಮೇಲಿರುವವರೆಗೆ ಅದು ಬಹುಮಟ್ಟಿಗೆ ನಿರುಪದ್ರವಿ. ಕತ್ತರಿಸುವಾಗ, ಕೊರೆಯುವಾಗ, ಒಡೆದು ಕೀಳುವಾಗ ಹಾರುವ ನಾರು ಶ್ವಾಸಕೋಶ ಸೇರಿ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಬದಲಾಯಿಸುವ ದಿನವೇ ಅಪಾಯದ ದಿನ. ಅನಂತಕಾಲದ ಹೆಸರಿಟ್ಟವರು ಆ ದಿನ ಬರುತ್ತದೆಂದೇ ಭಾವಿಸಿರಲಿಲ್ಲವೇನೋ. ಕ್ವಿಬೆಕ್ ಪ್ರಾಂತದಲ್ಲಿ ದೊಡ್ಡ ಗಣಿಯ ಸುತ್ತ ಬೆಳೆದು ‘ಆಸ್ಬೆಸ್ಟಾಸ್’ ಎಂಬ ಹೆಸರನ್ನೇ ಹೊತ್ತಿದ್ದ ಪಟ್ಟಣ 2020ರಲ್ಲಿ ಆ ಹೆಸರನ್ನು ಕಳಚಿಹಾಕಿತು. ಕೆನಡಾ 2018ರ ಕೊನೆಯಲ್ಲಿ ಆಸ್ಬೆಸ್ಟಾಸ್ ಬಳಕೆಯನ್ನು ನಿಷೇಧಿಸಿತು. ಆ ಗಣಿಗಳು ಮುಚ್ಚುವವರೆಗೂ ಅವುಗಳ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದಾಗಿತ್ತು. ಇಂದಿಗೂ ಬೇರೆ ದೇಶಗಳಿಂದ ತರಿಸುತ್ತಲೇ ಇದ್ದೇವೆ. ನಮ್ಮೂರ ಎಷ್ಟು ಕೊಟ್ಟಿಗೆ, ಶಾಲೆ, ಕಾರ್ಖಾನೆಗಳ ಮೇಲೆ ಆ ಬೂದುಬಣ್ಣದ ಶೀಟು ಕುಳಿತಿದೆಯೆಂಬುದು ಓದುಗರಿಗೆ ಗೊತ್ತೇ ಇದೆ.

ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನಗಳಿಗಾಗಿ ಬೆಳೆದ ಅಲ್ಯುಮಿನಿಯಂ ಕಾರ್ಖಾನೆಗಳಿಗೆ ಹೊಸ ಗಿರಾಕಿ ಬೇಕಾಗಿತ್ತು. ಇಂಡಿಯಾನಾದ ಹ್ಯಾಮಂಡ್ ಪಟ್ಟಣದ ಫ್ರಾಂಕ್ ಹೋಸ್ ಎಂಬಾತ ಒಂದರೊಳಗೊಂದು ಸಿಕ್ಕಿಕೊಳ್ಳುವ ಅಲ್ಯುಮಿನಿಯಂ ಪಟ್ಟಿಗಳನ್ನು ರೂಪಿಸಿದ್ದ. ದೂರದಿಂದ ಅವು ಬಣ್ಣ ಬಳಿದ ಹಲಗೆಗಳಂತೆಯೇ ಕಾಣುತ್ತಿದ್ದವು. ಮನೆಮನೆಯ ಬಾಗಿಲು ತಟ್ಟಿ ಅವನ್ನು ಮಾರುವ ದೊಡ್ಡ ದಂಡೇ ಹುಟ್ಟಿಕೊಂಡಿತು. ಆ ಮಾರಾಟಗಾರರ ಮಾತುಗಾರಿಕೆ, ಸುಳ್ಳು, ಪೈಪೋಟಿಗಳನ್ನು ಬ್ಯಾರಿ ಲೆವಿನ್‌ಸನ್ ತನ್ನ 1987ರ ‘ಟಿನ್ ಮೆನ್’ ಚಿತ್ರದಲ್ಲಿ ತೋರಿಸಿದ್ದಾನೆ. ಕತೆ ನಡೆಯುವುದು 1963ರ ಬಾಲ್ಟಿಮೋರಿನಲ್ಲಿ. 1950ರ ದಶಕದ ಕೊನೆಗೆ ಪಿವಿಸಿ ಪ್ಲಾಸ್ಟಿಕ್ ಪಟ್ಟಿಗಳು ಬಂದವು. ಜನ ಅವನ್ನು ವಿನೈಲ್ ಎಂದೇ ಕರೆಯುತ್ತಾರೆ. 1990ರ ದಶಕದ ಹೊತ್ತಿಗೆ ಅಮೆರಿಕದ ಹೊಸ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯ ಹೊದಿಕೆ ಅದೇ ಆಯಿತು.

ಇವನ್ನು ಕೊಂಡವರನ್ನು ಹಳಿಯಲು ನಮಗೆ ಮನಸ್ಸಿಲ್ಲ. ವಾರದ ಕೂಲಿಯಲ್ಲಿ ಬದುಕುವ ಕುಟುಂಬಕ್ಕೆ, ಏಣಿ ಹತ್ತಲಾಗದ ವಯಸ್ಸಿನವರಿಗೆ ಬಣ್ಣದ ಖರ್ಚು ತಪ್ಪುವುದು ಸಣ್ಣ ಬಿಡುಗಡೆಯೇನಲ್ಲ. ವಿನೈಲ್ ಕೂಡ ಕೆಟ್ಟ ವಸ್ತುವಲ್ಲ. ಸರಿಯಾಗಿ ಹಾಕಿದರೆ ಅದರ ಹಿಂದೆ ಗಾಳಿಯೂ ಆಡುತ್ತದೆ. ಆದರೆ ಹನ್ನೆರಡು ಅಡಿಯ ಪಟ್ಟಿಯೊಂದು ಬೇಸಗೆ, ಚಳಿಗಾಲಗಳ ನಡುವೆ ಅರ್ಧ ಇಂಚಿನಷ್ಟು ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಮೊಳೆಯನ್ನು ಬಿಗಿಯಾಗಿ ಹೊಡೆಯಬಾರದು, ಪಟ್ಟಿ ಜಾರಾಡುವಂತೆ ಸಡಿಲ ಬಿಡಬೇಕು. ಅವಸರದ ಕೈ ಬಿಗಿದು ಹೊಡೆದರೆ ಉಬ್ಬುತ್ತದೆ. ಕಡುಚಳಿಯಲ್ಲಿ ಪೆಟ್ಟು ಬಿದ್ದರೆ ಗಾಜಿನಂತೆ ಸೀಳುತ್ತದೆ. ಇದಕ್ಕಿಂತ ದೊಡ್ಡ ಅಪಾಯವನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 1979ರಲ್ಲಿ ಹಳೆಯ ಮನೆಗಳ ರಕ್ಷಣೆಗಾಗಿ ಹೊರತಂದ ಕಿರುಹೊತ್ತಿಗೆಯಲ್ಲಿ ಹೇಳಿತ್ತು: ಅಲ್ಯುಮಿನಿಯಂ, ವಿನೈಲ್ ಹೊದಿಕೆಗಳು ಹಿಂದಿನ ಕೊಳೆತವನ್ನು ಮರೆಮಾಡುತ್ತವೆ. ಸೋರುವ ಕಿಟಕಿ, ಬಿರುಕುಬಿಟ್ಟ ಸೂರುದೋಣಿ, ಮರ ತಿನ್ನುವ ಹುಳು, ಯಾವುದೂ ಹೊರಗಿನಿಂದ ಕಾಣುವುದಿಲ್ಲ. ಬಣ್ಣ ಸುಲಿಯುವುದು ಗೋಡೆ ಕೊಡುತ್ತಿದ್ದ ಎಚ್ಚರಿಕೆಯಾಗಿತ್ತು. ಅದರ ಕಾರಣವನ್ನು ಹುಡುಕದೆ ಮೇಲೊಂದು ಹೊದಿಕೆ ಹೊದಿಸಿದಾಗ ಎಚ್ಚರಿಕೆ ನಿಂತಿತು, ಕಾರಣ ಉಳಿಯಿತು.

ಕಾರಣವನ್ನು ಬಲ್ಲವರು ಇರಲಿಲ್ಲವೆಂದಲ್ಲ. ತಮ್ಮನಿರುವ ಒಟ್ಟಾವಾದಲ್ಲಿಯೇ ಕೆನಡಾದ ರಾಷ್ಟ್ರೀಯ ಸಂಶೋಧನ ಮಂಡಲಿ 1947ರಲ್ಲಿ ಕಟ್ಟಡ ಸಂಶೋಧನ ವಿಭಾಗವೊಂದನ್ನು ತೆರೆದಿತ್ತು. ಅಲ್ಲಿನ ಜಿ. ಕೆ. ಗಾರ್ಡನ್ 1963ರಲ್ಲಿ ಮಳೆನೀರು ಗೋಡೆಯೊಳಗೆ ನುಗ್ಗುವ ಬಗೆಯನ್ನು ಕುರಿತು ಒಂದು ಪುಟ್ಟ ಲೇಖನ ಬರೆದರು. ನೀರು ಒಳನುಗ್ಗಲು ಮೂರು ಬೇಕು ಎಂಬುದು ಅವರ ವಾದದ ತಿರುಳು: ಗೋಡೆಯ ಮೇಲೆ ನೀರಿರಬೇಕು, ಗೋಡೆಯಲ್ಲಿ ತೂತಿರಬೇಕು, ನೀರನ್ನು ಆ ತೂತಿನೊಳಗೆ ತಳ್ಳುವ ಬಲವಿರಬೇಕು. ತೂತೇ ಇಲ್ಲದ ಗೋಡೆಯನ್ನು ಕಟ್ಟಿ ಹಾಗೆಯೇ ಉಳಿಸಿಕೊಳ್ಳುವುದು ಅಸಾಧ್ಯ. ಮುಖ್ಯವಾಗಿ ಗಾಳಿಯ ಒತ್ತಡದ ಬಲವನ್ನು ಇಲ್ಲವಾಗಿಸುವುದು ಸಾಧ್ಯ. ಹೊರಹೊದಿಕೆಯ ಹಿಂದೆ ಗಾಳಿಗೆ ಎಡೆ ಬಿಟ್ಟರೆ ಹೊದಿಕೆಯ ಎರಡೂ ಕಡೆ ಒತ್ತಡ ಸಮವಾಗುತ್ತದೆ. ನುಸುಳಿದ ಅಷ್ಟಿಷ್ಟು ನೀರು ಆ ಎಡೆಯಲ್ಲಿಯೇ ಇಳಿದು ಹೊರಗೆ ಹೋಗುತ್ತದೆ. ನಾರ್ವೆಯಲ್ಲಿ ಮರದ ಹೊದಿಕೆಯ ಹಿಂದೆ ಹೀಗೆ ಎಡೆ ಬಿಡುವ ರೂಢಿ ಇದಕ್ಕೂ ಹಿಂದಿನದು.

ಈ ಅರಿವು ಅಚ್ಚಾಗಿ ಮೂರು ದಶಕ ಕಳೆದ ಮೇಲೂ ಅದೇ ದೇಶದ ಪಶ್ಚಿಮ ತೀರದಲ್ಲಿ ಸಾವಿರಾರು ಕುಟುಂಬಗಳು ಅದಿಲ್ಲದೆ ಕೆಟ್ಟವು. ವ್ಯಾಂಕೂವರ್ ಸುತ್ತಮುತ್ತ ಒಟ್ಟಾವಾದಷ್ಟು ಕಡುಚಳಿಯಿಲ್ಲ. ಆದರೆ ಚಳಿಗಾಲವೇ ಅಲ್ಲಿನ ಮಳೆಗಾಲ. ನೆಂದದ್ದು ಒಣಗಲು ಬಿಸಿಲಿಲ್ಲ. 1980 ಮತ್ತು 90ರ ದಶಕಗಳಲ್ಲಿ ಅಲ್ಲಿ ಮೂರು ನಾಲ್ಕು ಅಂತಸ್ತಿನ ಮರದ ಚೌಕಟ್ಟಿನ ವಸತಿ ಸಮುಚ್ಚಯಗಳು ಸಾಲುಸಾಲಾಗಿ ಎದ್ದವು. ಕ್ಯಾಲಿಫೋರ್ನಿಯಾದ ಬಿಸಿಲುನಾಡಿನ ಚೆಲುವನ್ನು ಅನುಕರಿಸಿ ಅವುಗಳಿಗೆ ಸೂರಿನ ಚಾಚುಗಳನ್ನು ಕೈಬಿಟ್ಟರು, ಹೊರಗೋಡೆಗೆ ನುಣುಪಾದ ಗಾರೆಯನ್ನು ನೇರವಾಗಿ ಮೆತ್ತಿದರು. ಒಳಗಡೆ ಆವಿ ತಡೆಯುವ ಪ್ಲಾಸ್ಟಿಕ್ ಹಾಳೆ, ಹೊರಗಡೆ ಮುಚ್ಚಿದ ಗಾರೆ. ಕಿಟಕಿಯ ಮೂಲೆಗಳಲ್ಲಿ, ಬಾಲ್ಕನಿಯ ಸಂದುಗಳಲ್ಲಿ ಇಳಿದ ನೀರಿಗೆ ಹೊರಡಲು ದಾರಿಯೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಗೋಡೆಯೊಳಗಿನ ಹಲಗೆಗಳು ಕೊಳೆತು ಹಿಟ್ಟಾದವು. ಹೊರಗಿನ ಗಾರೆ ಮಾತ್ರ ಹೊಸದರಂತೆಯೇ ಹೊಳೆಯುತ್ತಿತ್ತು.

ಪ್ರಾಂತದ ಮಾಜಿ ಮುಖ್ಯಸ್ಥ ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ 1998ರಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. ಹೊರಬಿದ್ದ ಸತ್ಯ ನಮ್ಮಂಥ ಕಚೇರಿಯವರಿಗೆ ಹೊಸತಲ್ಲ: ವಿನ್ಯಾಸ, ನಿಯಮ, ತಪಾಸಣೆ, ಕೆಲಸಗಾರಿಕೆ ಎಲ್ಲದರಲ್ಲಿಯೂ ಒಂದಿಷ್ಟು ತಪ್ಪು, ಹೊಣೆ ಹೊರಲು ಮಾತ್ರ ಯಾರೂ ಇಲ್ಲ. ಒಂದು ಕಟ್ಟಡಕ್ಕಾಗಿಯೇ ಸ್ಥಾಪಿಸಿ ಕೆಲಸ ಮುಗಿದೊಡನೆ ಮುಚ್ಚಿದ ಕಂಪನಿಗಳ ಮೇಲೆ ದಾವೆ ಹೂಡುವುದು ಹೇಗೆ? ಒಟ್ಟು ಹಾನಿಯ ಅಂದಾಜು 400 ಕೋಟಿ ಕೆನಡಾ ಡಾಲರುಗಳವರೆಗೆ ಹೋಯಿತು. ನಿವೃತ್ತಿಯ ಹಣವನ್ನೆಲ್ಲ ಹೂಡಿ ಮನೆ ಕೊಂಡವರು ಅದರ ಹೊರಹೊದಿಕೆಯನ್ನು ಮತ್ತೆ ಮಾಡಿಸಲು ಮತ್ತೊಮ್ಮೆ ಸಾಲ ಮಾಡಿದರು. ಮಾರಲು ಹೋದರೆ ಕೊಳ್ಳುವವರಿರಲಿಲ್ಲ. ನೀಲಿ ಟಾರ್ಪಾಲು ಹೊದ್ದ, ಅಟ್ಟಣೆ ಕಟ್ಟಿದ ಕಟ್ಟಡಗಳು ವರ್ಷಗಟ್ಟಲೆ ಆ ನಗರದ ಸಾಮಾನ್ಯ ನೋಟವಾದವು. ಆಮೇಲೆ ಗಾಳಿಗೆ ಎಡೆ ಬಿಟ್ಟ ಹೊದಿಕೆ ಅಲ್ಲಿ ನಿಯಮವಾಯಿತು. ಹೊಸ ಮನೆಯ ಹೊರಹೊದಿಕೆಗೆ ಐದು ವರ್ಷದ ಖಾತರಿ ಕಡ್ಡಾಯವಾಯಿತು. ಕೆಟ್ಟ ಕಟ್ಟಡಗಳನ್ನೂ ಕೆಡದವನ್ನೂ ಹೋಲಿಸಿ 1996ರಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ನಮ್ಮ ಗಮನ ಸೆಳೆದದ್ದು ಒಂದು ಅಂಶ: ಸೂರಿನ ಚಾಚು ಅಗಲವಾದಷ್ಟೂ ಗೋಡೆಯ ತೊಂದರೆ ಕಡಿಮೆ.

ಅದನ್ನು ಓದಿದಾಗ ನಮಗೆ ನೆನಪಾದದ್ದು ಸಾಗರ ಸೀಮೆಯ ನಮ್ಮ ಹಳೆಯ ಮನೆ. ವ್ಯಾಂಕೂವರಿನಲ್ಲಿ ವರ್ಷಕ್ಕೆ ಬೀಳುವ ಮಳೆ 1,200 ಮಿಲಿಮೀಟರಿನಷ್ಟು. ನಮ್ಮ ಮಲೆನಾಡಿನ ಆಗುಂಬೆಯಲ್ಲಿ ಅದರ ಐದಾರು ಪಟ್ಟು. ನಮ್ಮ ಮನೆಯದು ಮಣ್ಣಿನ ಗೋಡೆ. ಹೆಂಚಿನ ಸೂರು ಎದೆಮಟ್ಟಕ್ಕೆ ಇಳಿದಿತ್ತು. ಅಷ್ಟು ಸಾಲದೆಂದು ವೈಶಾಖ ಕಳೆಯುವ ಹೊತ್ತಿಗೆ ಅಜ್ಜ ಅಡಕೆ ದಬ್ಬೆಗಳ ಚೌಕಟ್ಟಿಗೆ ಸೋಗೆ ಕಟ್ಟಿಸಿ, ಜಡಿಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ತಟ್ಟಿ ನಿಲ್ಲಿಸುತ್ತಿದ್ದ. ತಟ್ಟಿ ಗೋಡೆಗೆ ಅಂಟಿರಬಾರದು, ನಡುವೆ ಎಡೆ ಇರಬೇಕು. ಆ ಎಡೆಯಲ್ಲಿ ಪ್ರತಿ ಮಳೆಗಾಲ ಬೆಕ್ಕು ಮರಿ ಹಾಕುತ್ತಿತ್ತು. ಒಟ್ಟಾವಾದ ತಮ್ಮನೂ ನಾವೂ ಕೈಹಾಕಿ ಪರಚಿಸಿಕೊಂಡದ್ದುಂಟು. ದೀಪಾವಳಿಯ ಹೊತ್ತಿಗೆ ತಟ್ಟಿ ಬಿಚ್ಚಿ ಗೊಬ್ಬರಕ್ಕೆ ಹಾಕುವರು. ಗೋಡೆಯಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಗೆದ್ದಲು ಹತ್ತಿದೆ ಎಂದು ನೋಡಿ ಮಣ್ಣು ಮೆತ್ತುವರು. ಗಾರ್ಡನ್ ಅವರ ಲೇಖನದ ತತ್ತ್ವವೆಲ್ಲ ಆ ತಟ್ಟಿಯಲ್ಲಿತ್ತು. ಸೈಡಿಂಗ್ ಬದಲಾವಣೆ ನಮ್ಮಲ್ಲಿ ವಾರ್ಷಿಕ ಕೆಲಸವಾಗಿತ್ತು.

ಅಜ್ಜನ ಕಾಲದ ನಂತರ ತಟ್ಟಿ ಕಟ್ಟುವ ಆಳು ಸಿಗದಾದಾಗ ಆ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದೆವು. ‘ಇನ್ನು ವರ್ಷವರ್ಷ ಈ ರಗಳೆಯಿಲ್ಲ’ ಎಂದು ಮನೆಮಂದಿಯೆಲ್ಲ ಹಿಗ್ಗಿದ್ದು ನೆನಪಿದೆ. ಕೆಲವು ಮಳೆಗಾಲ ಕಳೆದ ಮೇಲೆ ಗಿಲಾವಿನ ಬುಡ ಉಬ್ಬಿತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಡೆದು ನೋಡಿದಾಗ ಸಿಮೆಂಟು ಗಟ್ಟಿಯಾಗಿಯೇ ಇತ್ತು. ಹಿಂದಿನ ಮಣ್ಣಿನ ಗೋಡೆ ನೆಂದು ಕುಸಿದಿತ್ತು. ತಪ್ಪು ಯಾರದೆಂದು ಆಗ ನಮಗೆ ಹೊಳೆಯಲಿಲ್ಲ. ಮಣ್ಣು ಹಳೆಯದಾಗಿತ್ತು, ಅಷ್ಟೆ ಎಂದುಕೊಂಡೆವು.

ಎರಡು ವಾರಗಳ ಗಡುವು ಮುಗಿದಾಗ ತಮ್ಮನಿಗೆ ನಾವು ಹೇಳಿದ್ದು ಅದೇ ಗೋಡೆಯ ಕತೆ. ‘ಕಿತ್ತು ನೋಡುತ್ತೇನೆ ಎಂದವನಿಗೆ ಕೊಡು. ದುಡ್ಡು ಸಾಲದಿದ್ದರೆ ಈ ವರ್ಷ ಒಂದೇ ಗೋಡೆ ಮಾಡಿಸು. ಮೊದಲು ಹಳೆಯ ಪದರಗಳಲ್ಲಿ ಆಸ್ಬೆಸ್ಟಾಸ್ ಇದೆಯೇ ಎಂದು ಪರೀಕ್ಷೆ ಮಾಡಿಸು. ಅದು ತಿಳಿಯುವವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡ’ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಟ್ಟಿ ಹಿಂದಿನ ಬೆಕ್ಕು ನೆನಪಿದೆ ಅಣ್ಣಾ’ ಎಂದ.

ಆಗಸ್ಟಿನಲ್ಲಿ ಅವನು ಕಳಿಸಿದ ಚಿತ್ರಗಳನ್ನು ಒಂದೊಂದಾಗಿ ನೋಡಿದೆವು. ವಿನೈಲ್ ಕಿತ್ತಾಗ ಅದರಡಿ ಇಟ್ಟಿಗೆಯ ಗೆರೆಗಳ ಡಾಂಬರು ಹಾಳೆ. ಅದರಡಿ ಬಣ್ಣ ಸುಲಿದ ಮೂಲದ ಹಲಗೆಗಳು. ನಾವು ಓದಿದ ಚರಿತ್ರೆಯ ಒಂದು ಭಾಗ ಒಂದೇ ಗೋಡೆಯಲ್ಲಿ ಪದರಪದರವಾಗಿ ಮಲಗಿತ್ತು. ಹೆಚ್ಚಿನ ಹಲಗೆಗಳು ಗಟ್ಟಿಯಾಗಿಯೇ ಇದ್ದವು. ಒಂದರ ಮೇಲೆ ಯಾರೋ ಬಡಗಿ ಪೆನ್ಸಿಲಿನಿಂದ ಬರೆದ ಕೂಡಿಸುವ ಲೆಕ್ಕ ಮಾಸದೆ ಉಳಿದಿತ್ತು. ಅಡುಗೆಮನೆಯ ಕಿಟಕಿಯ ಕೆಳಗೆ ಮಾತ್ರ ಮೂರು ಹಲಗೆಗಳೂ ಹಿಂದಿನ ಕಂಬದ ಬುಡವೂ ಕಪ್ಪಾಗಿ, ಬೆರಳು ಹೋಗುವಷ್ಟು ಮೆತ್ತಗಾಗಿದ್ದವು. ಹೊಸ ಹೊದಿಕೆ ಅದರ ಮೇಲೆಯೇ ಕೂತಿದ್ದರೆ ಇನ್ನಾರು ಚಳಿಗಾಲಗಳಲ್ಲಿ ಕಿಟಕಿಯೇ ಕುಸಿಯುತ್ತಿತ್ತೇನೋ. ಕೊಳೆತದ್ದನ್ನು ಕತ್ತರಿಸಿ ಹೊಸ ಮರ ಕೂಡಿಸಿದರು. ಕಿಟಕಿಯ ಮೇಲೆ ನೀರು ಹೊರಚೆಲ್ಲುವ ತಗಡಿನ ಪಟ್ಟಿ ಇಟ್ಟರು. ನಿಂತ ರೀಪರುಗಳನ್ನು ಹೊಡೆದು, ಗಾಳಿಗೆ ಎಡೆ ಬಿಟ್ಟು, ಅದರ ಮೇಲೆ ಮರದ ಹಲಗೆಯ ಹೊದಿಕೆ ಹಾಕಿದರು. ದುಡ್ಡು ಎರಡು ಗೋಡೆಗೆ ಸಾಕಾಯಿತು. ಉಳಿದೆರಡು ಈ ಬೇಸಗೆಗೆ.

ಕೆಲಸ ಮುಗಿಸಿ ಹೊರಟ ಗುತ್ತಿಗೆದಾರನನ್ನು ತಮ್ಮ ಕೇಳಿದನಂತೆ, ಇನ್ನೆಷ್ಟು ವರ್ಷ ಇದನ್ನು ಮುಟ್ಟಬೇಕಿಲ್ಲವೆಂದು. ಆತ, ಹಿಮ ಕರಗಿದ ಮೇಲೆ ಪ್ರತಿ ವಸಂತದಲ್ಲಿ ಒಮ್ಮೆ ಮನೆಯ ಸುತ್ತ ನಡೆದು ಕೈಯಿಂದ ಮುಟ್ಟಿ ನೋಡಿ ಎಂದನಂತೆ.